ನಾಲ್ಕು ಗ್ರಂಥಿಗಳು

ಫಾರ್ಮಲಿನ್ ವಾಸನೆಯ ಡಬ್ಬವನ್ನು ಆ ಹೆಂಗಸು ನೆಲದಿಂದೆತ್ತಿ ಮಡಿಲಲ್ಲಿಟ್ಟುಕೊಂಡಾಗ ಪಕ್ಕದಲ್ಲಿ ಸರದಿ ಕಾಯುತ್ತಿದ್ದ ಮೇದಿನಿ ತುಸು ಸರಿದು ಕೂತಳು. ಅಹಮದಾಬಾದಿನ ಲ್ಯಾಬಿನಲ್ಲಿ ಆ ಹೆಂಗಸಿನ ಗಂಡನ ಬಾಯಲ್ಲಿ ಕುಂದಾಪುರದ ಕಡೆಯ ಕನ್ನಡ ಕೇಳಿದ್ದೇ ತಡ, ಅವಳ ಕಿವಿ ಅತ್ತ ತಿರುಗಿತು.

“ಕೊಯ್ದು ತೆಗೆದ ನನ್ನ ಕರುಳನ್ನು ಸೂರತ್ತಿನಿಂದ ಹೊತ್ತು ತಂದಿಯಲ್ಲ ಮಾರಾಯ್ತಿ. ಕ್ಯಾನ್ಸರ್ ಹರಡಲಿಲ್ಲ ಅಂತ ರಿಪೋರ್ಟ್ ಉಂಟಲ್ಲ.”

“ಅದು ಕರುಳಿನ ಸುತ್ತಲ ಕೊಬ್ಬಿನಲ್ಲಿ ನಾಲ್ಕೇ ದುಗ್ಧಗ್ರಂಥಿ ನೋಡಿ ಬರೆದದ್ದು. ಹನ್ನೆರಡಾದರೂ ನೋಡದೆ ಯಾವ ಸ್ಟೇಜು ಅಂತ ಹೇಳ್ಲಿಕ್ಕೆ ಆಗುದಿಲ್ಲ ಅಂದ್ರಲ್ಲ ಡಾಕ್ಟ್ರು.”

“ನಾಲ್ಕೂ ಚೊಕ್ಕ ಇತ್ತು.”

“ನಮ್ಮ ಹೋಟೆಲಲ್ಲಿ ನಾಲ್ಕು ಹಿಡಿ ಅಕ್ಕಿ ಆರಿಸಿ ಇಡೀ ಮೂಟೆ ಬೇಯಿಸ್ತೀರಾ ನೀವು?”

“ಅಕ್ಕಿಯ ಕಲ್ಲಾದ್ರೆ ಬಿಸಾಡಬಹುದು. ಇದರಲ್ಲಿ ಸಿಕ್ಕಿದ್ರೆ ಆರು ತಿಂಗಳು ಕೀಮೋ ಸೂಜಿ.”

“ಸಿಗದಿದ್ರೆ?”

“ಆಗ ಇನ್ನೊಂದು ಲ್ಯಾಬಿಗೆ ಹೊರಡ್ತಿ.”

“ಸಿಗದಿದ್ರೆ ನನಗೆ ನಿದ್ದೆಯಾದ್ರೂ ಬರ್ತದೆ.”

ಅಷ್ಟರಲ್ಲಿ ಲ್ಯಾಬಿನ ಡಾಕ್ಟರು ಬಂದು, ಉಳಿದ ಕೊಬ್ಬಿನಲ್ಲೆಲ್ಲ ಇನ್ನಷ್ಟು ಗ್ರಂಥಿಗಳನ್ನು ತಾವೇ ಕೂತು ಹುಡುಕಿಕೊಡುವುದಾಗಿ ಹಿಂದಿಯಲ್ಲಿ ಹೇಳಿ ಡಬ್ಬಕ್ಕೆ ಕೈಚಾಚಿದರು. ಹೆಂಗಸು ಅದನ್ನು ಕೊಡಲೆಂದು ಎತ್ತಿ ಹಿಡಿದಳು.

ಗಂಡ ನಡುವೆ ಕೈಹಾಕಿ ಡಬ್ಬವನ್ನು ಕಸಿದುಕೊಂಡ.

“ನಹೀ ಸಾಬ್. ಹುಡುಕುವುದು ಬೇಡ,” ಎಂದವನು ಡಬ್ಬವನ್ನು ಕಂಕುಳಲ್ಲಿಟ್ಟುಕೊಂಡು ಬಾಗಿಲಿನತ್ತ ನಡೆದ.