ಆ ಕಡೆಯ ಹಗ್ಗ

ಸಂಜೆ ಹಿಡಿದ ಮಳೆ ಬಿಡುವ ಲಕ್ಷಣ ಕಾಣಲಿಲ್ಲ. ಕಡಲಿನಿಂದ ಬಲೆ ಎಳೆದು ದಣಿದವರೆಲ್ಲ ದಂಡೆಯ ಮೇಲಿನ ಬಲೆಮನೆಯಲ್ಲಿ ದೀಪದ ಸುತ್ತ ಸೇರಿದ್ದರು. ಮದುವೆಯಾಗಿ ಬಂದು ವಾರವೂ ಕಳೆಯದ ಹೊಸ ಸೊಸೆ ಇವತ್ತೇ ಮೊದಲ ಸಲ ಹಗ್ಗಕ್ಕೆ ಕೈ ಹಾಕಿದ್ದಳು. ಅಂಗೈ ಉರಿಯುತ್ತಿದ್ದರೂ ತೋರಿಸಿಕೊಳ್ಳದೆ ಎಲ್ಲರಿಗೂ ಚಹಾ ಕೊಟ್ಟಳು. ಹೇಗಾದರೂ ಇವರನ್ನು ಮೆಚ್ಚಿಸಬೇಕೆಂಬ ಆಸೆ ಅವಳಿಗೆ.

“ಮಾವ, ಆ ಕಡೆ ಹಗ್ಗ ಎಳೆದೋರು ಯಾಕೆ ಒಳಗೆ ಬರಲಿಲ್ಲ? ಪಾಪ, ನೆನೀತಾ ನಿಂತಿದ್ರು. ಅವರಿಗೂ ಸೇರಿಸಿ ಚಹಾ ಮಾಡಿದ್ದೀನಿ.”

ಮಾವನ ಕೈಯ ಲೋಟ ಜಾರಿ ನೆಲಕ್ಕೆ ಬಿತ್ತು. ಗಂಡ ಬೆಚ್ಚಿ ಅವಳನ್ನೇ ನೋಡಿದ. ಅಂಥದ್ದೇನು ಕೇಳಿಬಿಟ್ಟೆ?

ಮೂಲೆಯಲ್ಲಿ ಬಲೆ ಹೆಣೆಯುತ್ತಿದ್ದವಳು ಗಂಡನ ಅಜ್ಜಿ. ಮಾತಿನ ಮೊನೆಗೆ ಹೆದರಿ ಊರವರು ಅವಳನ್ನು ಸೂಜಿಯಜ್ಜಿ ಎನ್ನುತ್ತಿದ್ದರು. ಅವಳು ಕೆಲಸ ಬದಿಗಿಟ್ಟಳು.

“ಯಾಕ್ರೋ ಎಲ್ಲಾ ಗುಮ್ಮನ್ನ ಕಂಡೋರ ಥರ ಬಾಯಿ ಬಿಟ್ಕೊಂಡು ಕೂತಿದ್ದೀರಾ? ಬಾ ಮಗಳೇ, ನನ್ನ ಪಕ್ಕ ಕೂತ್ಕೋ. ಇವರ ಕೈಲಿ ಹೇಳೋಕಾಗಲ್ಲ, ನಾನೇ ಹೇಳ್ತೀನಿ.

“ನಮ್ಮದು ಎರಡೇ ಕೇರಿ ಊರಾಗಿತ್ತು. ದಂಡೆ ಮೇಲೆ ನಾವು, ಆ ತುದೀಲಿ ಗುಡ್ಡದ ಬುಡಕ್ಕೆ ಅವರು. ಮೂಲದಲ್ಲಿ ಅಣ್ಣತಂಗಿಯ ಮಕ್ಕಳೇ. ಯಾವಾಗ್ಲೋ ಯಾತಕ್ಕೋ ಕಿತ್ತಾಡ್ಕೊಂಡು ಮನೆ ಪಾಲು ಮಾಡ್ಕೊಂಡ್ರು, ದೋಣಿ ಪಾಲು ಮಾಡ್ಕೊಂಡ್ರು... ಬಲೆ ಪಾಲು ಮಾಡೋಕಾಗುತ್ತಾ? ಹರಿದ್ರೆ ಇಬ್ಬರಿಗೂ ಉಪವಾಸ! ಅದಕ್ಕೇ ಕಡಲಿಗೆ ಬಿಟ್ಟ ಬಲೆಗೆ ಆ ಕಡೆ ಹಗ್ಗ ಅವರು, ಈ ಕಡೆ ಹಗ್ಗ ನಾವು, ಮುಖ ತಿರುಗಿಸ್ಕೊಂಡೇ ಎಳೆಯೋದು. ಅಂಥಾ ಹಟಮಾರಿಗಳು. ಅಂಥದ್ರಲ್ಲಿ ನನ್ನ ಅಕ್ಕ ಆ ಕೇರಿ ಹುಡುಗನ್ನ ಮೆಚ್ಚಿ ಹೊರಟೇ ಹೋದ್ಲು. ಅವಳ ಹೆಸರೆತ್ತಿದ್ರೆ ನಾಲಿಗೆ ಸೀಳ್ತೀನಿ ಅಂದ ಅಪ್ಪ. ನಾನಿನ್ನೂ ಎರಡು ಜಡೆ ಹಾಕ್ಕೊಳ್ಳೋ ಹುಡುಗಿ, ಏನು ಮಾಡಲಿ? ಆದ್ರೆ ಬಲೆ ದಡಕ್ಕೆ ಬರ್ತಾ ಬರ್ತಾ ಎರಡು ಸಾಲೂ ಹತ್ತಿರ ಸರೀಬೇಕಲ್ಲ... ಆಗ ಮಾತ್ರ ನಾನು ಅವಳ ಮುಖ ನೋಡೋದು. ಸಾಲಿನ ಕೊನೇಲಿ ಹಗ್ಗ ಸುತ್ತೋಳು ಅವಳು. ತಲೆ ಎತ್ತಿ, ಅಪ್ಪನಿಗೆ ಕಾಣದ ಹಾಗೆ ಹಲ್ಲು ಕಿರಿಯೋಳು. ಅಷ್ಟಕ್ಕೇ ನಾನು ದಿನವೆಲ್ಲ ಕುಣೀತಿದ್ದೆ.

“ಒಂದಿನ ಬೆಳಗ್ಗೆ... ಹಿಂದಿನ ರಾತ್ರಿಯೆಲ್ಲ ಧೋ ಅಂತ ಮಳೆ. ಆ ಕಡೆಯವರು ಮಸುಕು ಮಸುಕಾಗಿ ಕಾಣ್ತಿದ್ರು. ಅಪ್ಪ ‘ಹೋ’ ಅಂದ್ರೆ ಆ ಕಡೆಯಿಂದಲೂ ‘ಹೋ’ ಅನ್ನಬೇಕು. ಆವತ್ತು ಯಾರೂ ಅನ್ನಲಿಲ್ಲ. ‘ಸೊಕ್ಕು ನೋಡು ಇವರದ್ದು’ ಅಂತ ಅಪ್ಪ ಬೈಕೊಂಡ. ಹಗ್ಗ ಮಾತ್ರ ಸರಿಸಮ ಬರ್ತಿತ್ತು. ಸಾಲು ಹತ್ತಿರ ಬಂತು... ಇನ್ನೂ ಹತ್ತಿರ... ಅಕ್ಕ ಕಂಡ್ಲು. ತಲೆ ತಗ್ಗಿಸಿ ಹಗ್ಗ ಸುತ್ತುತ್ತಿದ್ದಾಳೆ. ನಾನು ಅಪ್ಪನ ಭಯ ಬಿಟ್ಟು ‘ಅಕ್ಕಾ’ ಅಂತ ಕೂಗೇ ಬಿಟ್ಟೆ. ಅವಳು ತಲೆ ಎತ್ತಲೇ ಇಲ್ಲ.

“ಅಷ್ಟರಲ್ಲಿ ಹಾಲಿನವನು ಎದ್ದೂ ಬಿದ್ದೂ ಓಡಿ ಬಂದ. ‘ಗುಡ್ಡ ಕುಸಿದಿದೆ! ರಾತ್ರೀನೇ ಕುಸಿದಿರಬೇಕು... ಇಡೀ ಕೇರಿ ಮಣ್ಣಲ್ಲಿದೆ!’ ಯಾವ ಕೇರಿ? ಅವರೆಲ್ಲ ಇಲ್ಲೇ ಇದ್ದಾರಲ್ಲ! ತಿರುಗಿ ನೋಡಿದ್ರೆ... ಯಾರೂ ಇಲ್ಲ. ಹಗ್ಗ ಚೆನ್ನಾಗಿ ಸುತ್ತಿಟ್ಟಿದೆ. ಬಲೆ ತುಂಬಾ ಮೀನು ಒದ್ದಾಡ್ತಿದೆ.

“ಅಪ್ಪ ಬರಿಗೈಯಲ್ಲಿ ಮಣ್ಣು ಬಗೆದ, ಮಗಳ ಹೆಸರು ಕೂಗ್ತಾ ಕೂಗ್ತಾ ಬಗೆದ. ಅಕ್ಕ ಹಾಸಿಗೇಲೇ ಇದ್ಲು. ಮೈ ಯಾವಾಗಲೋ ಸೆಟೆದು ಹೋಗಿತ್ತು... ಆದ್ರೆ ಅಂಗೈಯಲ್ಲಿ ಹಗ್ಗ ಕೊರೆದ ಗಾಯ ಹಸಿ ಹಸಿ. ಬೆರಳಿಂದ ಸಮುದ್ರದ ನೀರು ತೊಟ್ಟಿಕ್ತಿತ್ತು. ಇದೇ ಕೈಯಲ್ಲಿ ಒರೆಸಿದ್ದೀನಿ ಮಗಳೇ.”

ಸೊಸೆ ಗಂಡನ ಕಡೆ ನೋಡಿದಳು, ಅವನು ತಲೆ ತಗ್ಗಿಸಿದ್ದ.

“ಆಮೇಲಿಂದ ಆ ಕಡೆ ಹಗ್ಗಾನ ನಾವು ಮರಳ ಮೇಲೆ ಹಾಗೇ ಬಿಟ್ಟು ಬರ್ತೀವಿ. ಅದು ತಾನಾಗೇ ಬರುತ್ತೆ, ಇವತ್ತೂ ಬಂತು. ಆದ್ರೆ ಹಗ್ಗ ಹಿಡಿದೋರು ಆ ದಿನದಿಂದ ನಮಗ್ಯಾರಿಗೂ ಕಂಡಿಲ್ಲ. ನಾನು ಮುದುಕಿಯಾಗೋವರೆಗೂ ಕಣ್ಣಲ್ಲಿ ಕಣ್ಣಿಟ್ಟು ಕಾದೆ. ಒಂದು ಸಲಾನೂ ಇಲ್ಲ...”

ಅಜ್ಜಿ ಅವಳ ಮುಂಗೈ ಗಟ್ಟಿಯಾಗಿ ಹಿಡಿದುಕೊಂಡಳು.

“ನಿನಗೆ ಕಂಡ್ರಲ್ಲೇ! ಸಾಲಿನ ಕೊನೇಲಿ ಇದ್ದೋಳು... ಹೇಳು ಮಗಳೇ, ಈಗಲಾದ್ರೂ ತಲೆ ಎತ್ತಿದ್ಲಾ?”