ಎಲೆ ಮಾತ್ರ ಉಳಿದ ಕುಂಡ

ಬೆಟ್ಟದ ಮೇಲಿನ ಒಂದು ಊರು. ಅಲ್ಲೊಬ್ಬ ಸಾಹುಕಾರ. ಅವನಿಗೆ ಐರಿಸ್ ಹೂವೆಂದರೆ ಪ್ರಾಣ. ಕತ್ತಿಯಂಥ ಎಲೆಗಳ ನಡುವೆ ಅರಳುವ ಹೂವು ನೋಡಿ ಅದು, ಮೂರು ದಳ ಮೇಲಕ್ಕೆ, ಮೂರು ದಳ ಕೆಳಕ್ಕೆ. ವರ್ಷಕ್ಕೊಮ್ಮೆ ಅವನು ಪ್ರದರ್ಶನ ಇಡುತ್ತಿದ್ದ. ತಾನೇ ತೀರ್ಪುಗಾರ. ಗೆದ್ದ ಹೂವಿಗೆ ಬೆಳ್ಳಿಯ ಬಟ್ಟಲು.

ಊರಿನ ಶಾಲೆಯ ಆಯಾ ಒಬ್ಬಳು ಪ್ರತಿ ವರ್ಷವೂ ಒಂದು ಕುಂಡ ತರುತ್ತಿದ್ದಳು. ಅದರಲ್ಲಿ ಬರೀ ಎಲೆ.

“ಏನಜ್ಜಿ, ಈ ಸಲ ಎಲೆಗೇ ಬಹುಮಾನಾನಾ?” ಎಂದು ಜನ ನಗುತ್ತಿದ್ದರು.

ಮೂರನೆಯ ವರ್ಷ ಸಾಹುಕಾರನಿಗೆ ಸಿಟ್ಟು ಬಂತು. “ಹೂವಿಲ್ದೆ ಯಾಕಮ್ಮ ತರ್ತೀಯ? ಮುಂದಿನ ವರ್ಷದಿಂದ ನಿನಗೆ ಇಲ್ಲಿ ಜಾಗ ಇಲ್ಲ.”

“ಹೂ ಬಿಟ್ಟಿತ್ತು ಸಾಹುಕಾರ್ರೇ. ಇದು ಗಿಡ್ಡ ಜಾತಿ. ನಿಮ್ಮ ಎತ್ತರದ ಜಾತಿಗಿಂತ ತಿಂಗಳು ಮುಂಚೇನೇ ಅರಳಿ ಬಾಡ್ತದೆ. ನೀವು ಕರೆಯೋ ದಿನದವರೆಗೂ ಅದು ಹೆಂಗೆ ಕಾಯ್ತದೆ? ಬಟ್ಟಲು ಬ್ಯಾಡ. ಬಿಟ್ಟಾಗ ಒಂದ್ಸಲ ಬಂದು ನೋಡಿ, ಸಾಕು.”

ಎಷ್ಟು ಸಣ್ಣ ಬೇಡಿಕೆ! ಬಂದು ನೋಡಿ, ಸಾಕು.

ಮರುವರ್ಷ ಅವಳು ಹೇಳಿ ಕಳಿಸಿದಳು. ಅವನು ಹೋದ. ಗೇಣುದ್ದದ ಗಿಡ, ಒಂದು ನೇರಳೆ ಹೂವು.

“ಇಷ್ಟೇನಾ?” ಎಂದ.

“ನಿಂತ್ಕೊಂಡು ನೋಡಿದ್ರೆ ಇಷ್ಟೇಯ. ಕೂತ್ಕಳಿ.”

ಇಸ್ತ್ರಿ ಮಾಡಿದ ಪಂಚೆಯಲ್ಲೇ ಸಾಹುಕಾರ ನೆಲಕ್ಕೆ ಕೂತ. ಆಗ ಕಂಡಿತು, ದಳದ ನಡುವೆ ರೇಷ್ಮೆ ಎಳೆಯಷ್ಟು ನವಿರಾದ ಹಳದಿ ರೋಮ. ಅವನು ಬಹಳ ಹೊತ್ತು ಏಳಲಿಲ್ಲ. ಆಮೇಲೆ ಊರಿನ ಗಿಡ್ಡ ಹೂವುಗಳನ್ನೆಲ್ಲ ಮನೆಮನೆಗೆ ಹೋಗಿ ಕೂತೇ ನೋಡಿದ. ಗಿಡ್ಡದ್ದನ್ನು ಗಿಡ್ಡದ್ದರ ಜೊತೆಗೇ ತೂಗಿದ.

ಪ್ರದರ್ಶನದ ದಿನ ಎರಡು ಬಟ್ಟಲುಗಳಿದ್ದವು. ಒಂದು, ಸೊಂಟದೆತ್ತರದ ಹೂವಿನ ಮುಂದೆ. ಇನ್ನೊಂದು, ಆಯಾಳ ಎಲೆಯ ಕುಂಡದ ಮುಂದೆ.

“ಇದರಲ್ಲಿ ಹೂವೆಲ್ಲಿ ಸ್ವಾಮಿ?” ಎಂದು ಯಾರೋ ಕೇಳಿದರು.

“ನಾನು ನೋಡಿದ್ದೀನಿ” ಎಂದ ಸಾಹುಕಾರ.

ತಾಯಂದಿರೇ, ಅಣ್ಣಂದಿರೇ, ನಾವು ಎಷ್ಟು ಜನರನ್ನು ನಿಂತುಕೊಂಡೇ ನೋಡಿ ತೀರ್ಪು ಕೊಟ್ಟಿದ್ದೇವೆ? ನಾಳೆಯಿಂದ ಇಷ್ಟು ಮಾಡಿ. ನಿಧಾನವಾಗಿ ಓದುವ ಮಗುವಿನ ಎದುರು ಪಕ್ಕದ ಮನೆಯ ಮಗುವಿನ ಹೆಸರೆತ್ತಬೇಡಿ. ಹಿರಿಸೊಸೆಯ ಸಾರನ್ನು ಹಿಡಿದು ಕಿರಿಸೊಸೆಯನ್ನು ಅಳೆಯಬೇಡಿ, ಅವಳ ಪಕ್ಕ ಸ್ವಲ್ಪ ಹೊತ್ತು ಕೂತುಕೊಳ್ಳಿ.

ಇನ್ನು, ಬೇಗ ಅರಳಿ ಬೇಗ ಹೋದವರು ನಿಮ್ಮ ಮನೆಯಲ್ಲೂ ಇದ್ದಾರು. ಉಳಿದವರ ಆಯಸ್ಸಿನಿಂದ ಅವರನ್ನು ಅಳೆಯಬೇಡಿ. “ಅಯ್ಯೋ, ಇಷ್ಟೇ ದಿನ” ಎನ್ನುವವರು ಎನ್ನಲಿ. ಸಂಜೆ ದೀಪ ಹಚ್ಚುವಾಗ ನೀವು ಅವರ ಹೆಸರು ಹೇಳಿ, ಕೈ ಮುಗಿಯಿರಿ.

ಅರಳಿದಾಗ ನಾವು ಅಲ್ಲಿದ್ದೆವಲ್ಲ. ನೋಡಿದೆವಲ್ಲ.