ಹೋದ ಹೋಟೆಲಿಗೆ ಮತ್ತೆ ಹೋಗದಿದ್ದ ಬಗ್ಗೆ

ನನ್ನ ಹೆಸರು ಮುನಿಗಂಗಮ್ಮ, ಗಂಡನ ಹೆಸರು ಕದಿರಪ್ಪ, ವಯಸ್ಸು ಸುಮಾರು ಮೂವತ್ತೊಂದು, ಕಸುಬು ಹಾಲು ಮಾರುವುದು, ವಾಸ ಮಾರಿಕುಪ್ಪಂ ಸ್ಟೇಷನ್ನಿನಿಂದ ಅರ್ಧ ಮೈಲಿ ದೂರದ ಕೂಲಿ ಲೈನಿನಲ್ಲಿ ಮನೆ ನಂಬರು 47, ಹುಟ್ಟಿದ್ದು ಕಾಮಸಮುದ್ರ ಹೋಬಳಿ. ಬಂಗಾರಪೇಟೆ ಸಂತೆಗೇಟು ಹೊರಠಾಣೆಯಲ್ಲಿ ದಫೇದಾರ್ ಕೋದಂಡಪ್ಪನವರ ಎದುರು ಕುಳಿತು ನಾನಾಗಿ ಕೇಳಿಕೊಂಡು ಬರೆಸುತ್ತಿರುವ ಸಂಗತಿ ಏನೆಂದರೆ, ನಾನು ಕದಿರಪ್ಪನವರ ಹೆಂಡತಿ ಹೌದೋ ಅಲ್ಲವೋ ಎಂದು ಇಂದು ಮಧ್ಯಾಹ್ನದಿಂದ ಈ ಠಾಣೆಯಲ್ಲಿ ವಿಚಾರಣೆ ನಡೆದಿದೆ. ಅದರ ವಿವರ ಕೆಳಗಿದೆ. ಯಾರು ಏನೆಂದರೋ ಅದನ್ನು ಅವರು ಅಂದ ಹಾಗೆಯೇ ಬರೆಯಬೇಕೆಂದು ದಫೇದಾರರಿಗೆ ಹೇಳಿದ್ದೇನೆ. ಹಾಗೆ ಬರೆಯುವ ಪದ್ಧತಿ ಇಲ್ಲ ಎಂದರು. ಇವತ್ತಿನಿಂದ ಇರಲಿ ಎಂದೆ.

ನನ್ನ ಮೊದಲ ಗಂಡ ಮುನಿಸ್ವಾಮಪ್ಪ 1954ರಲ್ಲಿ ಜ್ವರದಿಂದ ತೀರಿಕೊಂಡರು. 1959ನೇ ಇಸವಿ ಫೆಬ್ರವರಿಯಲ್ಲಿ ಕದಿರಪ್ಪನವರು ನನ್ನನ್ನು ಕೂಡಾವಳಿ ಮಾಡಿಕೊಂಡರು. ಕೂಡಾವಳಿ ಎಂದರೆ ಗಂಡ ಸತ್ತವಳಿಗೆ ಊರ ಯಜಮಾನರ ಮುಂದೆ ಹೊಸ ಸೀರೆ ಕೊಟ್ಟು ಹೆಂಡತಿಯಾಗಿ ಮನೆಗೆ ಕರೆದುಕೊಂಡು ಹೋಗುವುದು. ನಮ್ಮವರಲ್ಲಿ ಹೆಣ್ಣಿಗೆ ತಾಳಿ ಒಂದೇ ಸಲ. ಕೂಡಾವಳಿಯಲ್ಲಿ ಹಣೆಗೆ ಕುಂಕುಮ, ಕೈಗೆ ಬಳೆ ಉಂಟು, ಕೊರಳಿಗೆ ತಾಳಿ ಇಲ್ಲ. ಇದನ್ನು ದಫೇದಾರರಿಗೆ ಮೂರು ಸಲ ಹೇಳಬೇಕಾಯಿತು. ನನ್ನ ಗಂಡ ಚಿನ್ನದ ಗಣಿಯ ಮರದ ಯಾರ್ಡಿನಲ್ಲಿ ಕೂಲಿ, ವಯಸ್ಸು ನಲವತ್ತಮೂರು, ಕುಡಿಯುವವರಲ್ಲ, ಹೊಡೆಯುವವರಲ್ಲ. ಇದು ಬೇಡ ಎಂದು ದಫೇದಾರರು ಪೆನ್ನು ಎತ್ತಿದರು. ಬೇಕು ಎಂದೆ.

ಕಳೆದ ನವೆಂಬರ್ 13ರಂದು ನನ್ನ ಗಂಡನ ದಾಯಾದಿಯ ಮಗಳ ಮದುವೆಗೆ ಹೋಗಿದ್ದೆವು. ಊಟದ ಸಾಲಿನಲ್ಲಿ ನಾವಿಬ್ಬರೂ ಅಕ್ಕಪಕ್ಕ ಕುಳಿತೆವು. ಅನ್ನಕ್ಕೆ ಸಾರು ಕಲಸಿ ಒಂದು ತುತ್ತು ಎತ್ತುವಾಗ ಊರ ಯಜಮಾನ ಬಚ್ಚಪ್ಪನವರು ಬಂದು, ಕೂಡಾವಳಿಯವಳು ಮದುವೆಯ ಮೊದಲ ಸಾಲಿನಲ್ಲಿ ಕೂರುವಂತಿಲ್ಲ, ಕೊನೆಗೆ ಕೂರಲಿ ಎಂದರು. ನೂರು ಜನರ ಮುಂದೆ ಕಲಸಿದ ಕೈಯಲ್ಲೇ ಎದ್ದೆ. ನನ್ನ ಕೂಡಾವಳಿಯನ್ನು ಮುಂದೆ ನಿಂತು ಮಾಡಿಸಿದವರೂ ಇದೇ ಬಚ್ಚಪ್ಪನವರು. ನನ್ನ ಗಂಡನೂ ಎದ್ದರು. ಕಾಮಸಮುದ್ರದ ಬಸ್ಸಿಗೆ ಎರಡು ಮೈಲಿ ನಡೆದು ಬರುವಾಗ ಅವರು ಅಂದದ್ದು: “ಇವ್ರಾಕೋ ಅನ್ನ ಯಾವ ಮಾ ಸೀಮೆದು? ಅಳ್ಬ್ಯಾಡ ಕಣೆ. ನಿಂಗೆ ಓಟ್ಲಲ್ಲಿ ಎಲೆ ಆಕಿಸ್ತೀನಿ. ಒಂದಲ್ಲ, ಬಂಗಾರಪೇಟೆಲಿ ಇರೋ ಓಟ್ಲೆಲ್ಲಾ ತೋರಿಸ್ತೀನಿ.”

ಡಿಸೆಂಬರಿನಿಂದ ಹದಿನೈದು ದಿನಕ್ಕೊಂದು ಭಾನುವಾರ, ಅವರ ರಜೆಯ ದಿನ, ಮಾರಿಕುಪ್ಪಂನಲ್ಲಿ ರೈಲು ಹತ್ತಿ ಬಂಗಾರಪೇಟೆಗೆ ಬರುತ್ತಿದ್ದೆವು. ಇಲ್ಲಿಯವರೆಗೆ ಆರು ಹೋಟೆಲು ಆಗಿವೆ. ಮೊದಲನೆಯದರಲ್ಲಿ ಮಸಾಲೆದೋಸೆ ಗರಿಗರಿ, ಚಟ್ನಿ ಮಾತ್ರ ನೀರು. ಎರಡನೆಯದರಲ್ಲಿ ಪೂರಿಯನ್ನು ಒತ್ತಿದರೆ ಎಣ್ಣೆಯಲ್ಲಿ ದೀಪ ಹಚ್ಚಬಹುದಿತ್ತು. ಮೂರನೆಯದರ ಸಾಂಬಾರಿಗೆ ಬೆಲ್ಲ ಸುರಿದಿದ್ದರು. ನಾಲ್ಕನೆಯದರ ಕೇಸರಿಬಾತು ತಿಂದು ನಾನು ಇನ್ನೊಂದು ತಟ್ಟೆ ಕೇಳಿದೆ, ಇವರು ನಕ್ಕು, ನಿನ್ನ ಕೈಯ ಸಾರಿಗಿಂತ ಇದು ವಾಸಿ ಎಂದರು. ರೈಲಿನಲ್ಲಿ ವಾಪಸು ಹೋಗುವಾಗ ಯಾವುದು ಮೇಲು ಯಾವುದು ಕೀಳು ಎಂದು ಇಬ್ಬರೂ ಜಗಳವಾಡುತ್ತಿದ್ದೆವು. ನನ್ನ ಜೀವಮಾನದಲ್ಲಿ ಅಷ್ಟು ಸಂತೋಷದ ಭಾನುವಾರಗಳನ್ನು ನಾನು ಕಂಡಿಲ್ಲ. ಕೇಸರಿಬಾತಿನ ಹೋಟೆಲಿಗೆ ಇನ್ನೊಂದು ಸಲ ಹೋಗೋಣ ಎಂದು ಎರಡು ಬಾರಿ ಕೇಳಿದ್ದೆ. ಹೊಸದು ನೋಡೋಣ ಬಾ ಎಂದು ಮಾತು ಹಾರಿಸಿದ್ದರು.

ಇಂದು, ಅಂದರೆ 5-3-1961ನೇ ಭಾನುವಾರ, ಮಧ್ಯಾಹ್ನ 12-15ಕ್ಕೆ ಸ್ಟೇಷನ್ನಿನಿಂದ ಇನ್ನೂರು ಗಜ ದೂರದ ಏಳನೆಯ ಹೋಟೆಲಿಗೆ ಹೋದೆವು. ಹೆಂಗಸರು ಜೊತೆಗಿದ್ದವರಿಗೆ ಒಳಗೆ ಪರದೆ ಹಾಕಿದ ಫ್ಯಾಮಿಲಿ ರೂಮು ಇದೆ, ಅಲ್ಲಿ ಕೂರಿಸಿದರು. ಊಟ ತಕ್ಕಮಟ್ಟಿಗಿತ್ತು. ಕೊನೆಗೆ ಮೊಸರು ಬಡಿಸಿದರು. ನಾನು ಚಿಕ್ಕಂದಿನಿಂದ ಎಮ್ಮೆ ಕಟ್ಟಿದವಳು, ಎಲೆಯ ಮೇಲೆ ಹರಿದು ಓಡುವುದನ್ನು ಮೊಸರು ಎಂದರೆ ನನಗೆ ಮೈ ಉರಿಯುತ್ತದೆ. “ಇದ್ಯಾತರ ಮೊಸ್ರು? ಎಮ್ಮೆಗೂ ಬಾವಿಗೂ ಮದ್ವೆ ಮಾಡ್ಸಿದ್ದೀರಾ?” ಎಂದು ಗಟ್ಟಿಯಾಗಿ ಕೇಳಿದೆ. ಹೊರಗೆ ಕುಳಿತವರು ನಕ್ಕರು. ಹೋಟೆಲಿನ ಮಾಲೀಕ ಶ್ರೀರಾಮಪ್ಪ ಪರದೆ ಸರಿಸಿ ಒಳಗೆ ಬಂದರು. ಆಗ ಗಂಟೆ 12-40.

ಅವರು ಮೊಸರನ್ನು ನೋಡಲಿಲ್ಲ, ನನ್ನ ಕೊರಳನ್ನು ನೋಡಿದರು. ಇವರು ನಿನಗೆ ಏನಾಗಬೇಕು ಎಂದು ಕೇಳಿದರು. ಯಜಮಾನರು ಎಂದೆ. “ಯಜಮಾನ್ರಾದ್ರೆ ಕೊರಳು ಯಾಕಮ್ಮ ಬೋಳು?” ಎಂದರು. ನನ್ನ ಗಂಡ ಎದ್ದು ನಿಂತರು. ಆಗ ಶ್ರೀರಾಮಪ್ಪನವರು, ಈ ಜೋಡಿ ಸಂಕ್ರಾಂತಿಯ ಆಚೀಚೆ ತಮ್ಮ ಭಾವಮೈದುನನ ಹೋಟೆಲಿಗೂ ಬಂದಿತ್ತೆಂದೂ, ಒಂದು ಕಡೆ ಬಂದವರು ಮತ್ತೆ ಅಲ್ಲಿಗೆ ಬರುವುದಿಲ್ಲವೆಂದೂ, ಮರ್ಯಾದಸ್ತ ಸಂಸಾರಿಗಳು ಹೀಗೆ ಹೋಟೆಲು ಬದಲಾಯಿಸುವುದಿಲ್ಲವೆಂದೂ ಕೂಗಿ ಹೇಳಿ ಪೊಲೀಸಿಗೆ ಆಳನ್ನು ಓಡಿಸಿದರು. ನನ್ನ ಎಲೆಯನ್ನು ಅರ್ಧದಲ್ಲೇ ಎತ್ತಿಸಿದರು.

12-55ಕ್ಕೆ ಪೇದೆ ಬಂದು ನನ್ನ ಗಂಡನ ಹೆಸರು ಕೇಳಿದರು. ಗಂಡನ ಹೆಸರನ್ನು ಹೆಂಡತಿ ಬಾಯಲ್ಲಿ ಎತ್ತುವ ಪದ್ಧತಿ ನಮ್ಮಲ್ಲಿಲ್ಲ. ನಮ್ಮೆಜಮಾನ್ರು ಎಂದೆ. ಹೆಸರು ಹೇಳು ಎಂದರು. ಇವರ ಕಡೆ ಕೈ ತೋರಿಸಿದೆ. ಜೊತೆಗೆ ಬಂದವನ ಹೆಸರೇ ಗೊತ್ತಿಲ್ಲ ನೋಡಿ ಎಂದು ಪೇದೆ ಎಲ್ಲರಿಗೂ ಕೇಳುವಂತೆ ಹೇಳಿದರು. ಆಮೇಲೆ ನಾನು ಕದಿರಪ್ಪ, ಕದಿರಪ್ಪ, ಕದಿರಪ್ಪ ಎಂದು ಮೂರು ಸಲ ಕಿರುಚಿದೆ. ಕಿರುಚಿದ್ದಕ್ಕೆ ಬೆಲೆ ಇರಲಿಲ್ಲ. ಅಲ್ಲಿಂದ ಈ ಠಾಣೆಗೆ ಎರಡು ಫರ್ಲಾಂಗು. ಬೀದಿಯ ಜನ ನೋಡುವ ಹಾಗೆ ನನ್ನನ್ನು ಮುಂದೆ, ಇವರನ್ನು ಹಿಂದೆ ನಡೆಸಿಕೊಂಡು ಬಂದರು. ಬಜಾರಿನಲ್ಲಿ ನಮ್ಮ ಲೈನಿನ ಪಕ್ಕದ ಮನೆಯ ಕುಪ್ಪುಸ್ವಾಮಿ ಕಂಡರು. ಇವರ ಜೊತೆ ಮರದ ಯಾರ್ಡಿನಲ್ಲೇ ಕೆಲಸ ಅವರಿಗೆ. “ಎನ್ನಾಚ್ಚು ಅಣ್ಣಾ?” ಎಂದು ತಮಿಳಿನಲ್ಲಿ ಏನಾಯಿತೆಂದು ಕೇಳುತ್ತಾ ಠಾಣೆಯ ಬಾಗಿಲವರೆಗೂ ಹಿಂದೆಯೇ ಬಂದರು.

1-10ಕ್ಕೆ ಸಬ್ ಇನ್‌ಸ್ಪೆಕ್ಟರ್ ಸಾಹೇಬರು ಬಂದು ನಮ್ಮಿಬ್ಬರನ್ನೂ ಬೇರೆ ಬೇರೆ ಕೋಣೆಯಲ್ಲಿ ಕೂರಿಸಿ, ಮದುವೆ ಎಲ್ಲಾಯಿತು, ತಾಳಿ ಎಲ್ಲಿ ಎಂದು ಕೇಳಿದರು. ನಾನು ನಿಜ ಹೇಳಿದೆ. ನನ್ನ ಗಂಡ ಹೇಳಿದ್ದು ಅಡ್ಡಗೋಡೆಯ ಮೇಲಿನಿಂದ ನನಗೆ ಕೇಳಿಸಿತು. ದೇವಸ್ಥಾನದಲ್ಲಿ ತಾಳಿ ಕಟ್ಟಿದ್ದೆನೆಂದೂ, ಹೆಂಡತಿ ಹರಕೆ ಹೊತ್ತು ಅದನ್ನು ತಿರುಪತಿಯ ಹುಂಡಿಗೆ ಹಾಕಿದಳೆಂದೂ ಅವರು ಹೇಳಿದರು. ಇದನ್ನು ನಾನು ಕೇಳಿದ್ದು ಅದೇ ಮೊದಲು. ಬಾಗಿಲಲ್ಲಿದ್ದ ಕುಪ್ಪುಸ್ವಾಮಿ, “ಆಮಾ ಸಾರ್, ನಮ್ ಲೈನಿಗೆಲ್ಲಾ ಗೊತ್ತು. ನನ್ ಹೆಂಡ್ತಿ ಮಾರಿಯಮ್ಮ ಶುಕ್ರವಾರ ಶುಕ್ರವಾರ ಈಯಮ್ಮನ ಕಾಲಿಗೆ ಬೀಳ್ತಾಳೆ, ಸಾಮಿಗೇ ತಾಳಿ ಕೊಟ್ಟ ಪುಣ್ಯವತಿ ಅಂತ” ಎಂದರು. ಮಾರಿಯಮ್ಮ ಕಾಲಿಗೆ ಬೀಳುವುದು ನಿಜ. ನಾನು ನನ್ನ ಹಾಲು ಗಟ್ಟಿ ಎಂಬ ಮರ್ಯಾದೆಗೆ ಎಂದು ತಿಳಿದಿದ್ದೆ.

ಇಬ್ಬರ ಮಾತು ಒಂದಕ್ಕೊಂದು ತಾಳೆಯಾಗದ ಕಾರಣ ಸಾಹೇಬರಿಗೆ ಅನುಮಾನ ಗಟ್ಟಿಯಾಯಿತು. ಸಂಜೆ 5-40ರ ರೈಲಿನಲ್ಲಿ ನನ್ನನ್ನು ಬೆಂಗಳೂರಿನ ಹೆಂಗಸರ ರಕ್ಷಣಾಗೃಹಕ್ಕೆ ಕಳಿಸುವುದಾಗಿ ಹೇಳಿದರು. ಅಲ್ಲಿಗೆ ಎಂಥವರನ್ನು ಕಳಿಸುತ್ತಾರೆಂದು ನನಗೆ ಗೊತ್ತು. ಒಂದು ಸಲ ಅಲ್ಲಿಗೆ ಹೋದವಳ ಕೈಯಿಂದ ಯಾರೂ ಹಾಲು ಕೊಳ್ಳುವುದಿಲ್ಲ, ನೀರನ್ನೂ ಕುಡಿಯುವುದಿಲ್ಲ. ನನ್ನ ಜೊತೆಗೆ ಕಳಿಸಲು ಒಬ್ಬ ಆಯಾಳನ್ನು ಕರೆಸಿ ಬೆಂಚಿನ ಮೇಲೆ ಕೂರಿಸಿದರು. ಅವಳು ನನ್ನಿಂದ ಒಂದು ಮೊಳ ದೂರ ಸರಿದು ಕುಳಿತಳು.

ಯಜಮಾನ ಬಚ್ಚಪ್ಪನವರು ಎತ್ತು ಮಾರಲು ಇಂದು ಬಂಗಾರಪೇಟೆಗೆ ಬಂದಿದ್ದನ್ನು ನಾನು ಬೆಳಿಗ್ಗೆ ನೋಡಿದ್ದೆ. ನನ್ನನ್ನು ಎಲೆಯ ಮುಂದಿನಿಂದ ಎಬ್ಬಿಸಿದವರ ಮುಖ ನೋಡಲು ಮನಸ್ಸಿರಲಿಲ್ಲ. ಬೇರೆ ಸಾಕ್ಷಿ ಇಲ್ಲದೆ ಅವರನ್ನೇ ಕರೆಸಿ ಎಂದೆ. 3-30ಕ್ಕೆ ಬಂದರು. ಕದಿರಪ್ಪ ಈ ಹೆಂಗಸಿಗೆ ತಾಳಿ ಕಟ್ಟಿದ್ದನ್ನು ನೋಡಿದ್ದೀಯಾ ಎಂದು ಸಾಹೇಬರು ಕೇಳಿದರು. ಬಚ್ಚಪ್ಪನವರ ಮುಖ ಕೆಂಪಾಯಿತು. “ತಾಳಿನಾ? ಇವ್ಳಿಗಾ? ಯಾರ್ ಸ್ವಾಮಿ ಅಂದಿದ್ದು? ಇವ್ನು ತಾಳಿ ಕಟ್ಟವ್ನೆ ಅಂದ್ರೆ ಕಟ್ಟುಪಾಡ್ ಮುರ್ದವ್ನೆ. ಅಂಗಾದ್ರೆ ಇವ್ರಿಗೂ ನಮ್ಗೂ ಸಂಬಂದ ಇಲ್ಲ, ಬರ್ಕೊಳ್ಳಿ” ಎಂದು ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡರು. ನಾನು ಕೂಡಾವಳಿ, ಕೂಡಾವಳಿ ಎಂದು ಹೇಳುತ್ತಲೇ ಇದ್ದೆ. ಗಂಡಸು ಏನು ಹೇಳುತ್ತಾನೋ ಅದಕ್ಕೇ ಉತ್ತರ ಎಂದು ಬಚ್ಚಪ್ಪನವರು ಗೋಡೆ ನೋಡುತ್ತಾ ಕುಳಿತರು. ನನ್ನ ಗಂಡ ಬಾಗಿಲಲ್ಲಿದ್ದ ಕುಪ್ಪುಸ್ವಾಮಿಯನ್ನು ಒಮ್ಮೆ ನೋಡಿ ತಲೆ ತಗ್ಗಿಸಿದರು.

4-45ಕ್ಕೆ ಸಾಹೇಬರು ನನ್ನ ಗಂಡನಿಗೆ, ನೋಡಲು ಸಾಧುವಿನಂತಿದ್ದೀಯ, ಒಂದು ದಾರಿ ಹೇಳುತ್ತೇನೆ, ಈಗಲೇ ಒಂದು ತಾಳಿ ತಂದು ಎಲ್ಲರ ಮುಂದೆ ಕಟ್ಟಿಬಿಡು, ಇಂದು ಮದುವೆಯಾಯಿತೆಂದು ಬರೆದು ಬಿಟ್ಟುಬಿಡುತ್ತೇನೆ ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ನನ್ನ ಗಂಡ ಓಡಿಹೋಗಿ ಹತ್ತು ನಿಮಿಷದಲ್ಲಿ ಹಳದಿ ದಾರಕ್ಕೆ ಅರಿಶಿನದ ಕೊಂಬು ಕಟ್ಟಿಸಿಕೊಂಡು ಬಂದರು. “ತಲೆ ಬಗ್ಸೇ, ಬ್ಯಾಗ. ರೈಲ್ ಒತ್ತಾಯ್ತು” ಎಂದರು.

ನಾನು ಬಗ್ಗಿಸಲಿಲ್ಲ. “ಇವತ್ತು ಕಟ್ಟುದ್ರೆ ನೆನ್ನೆಗಂಟ ನಾನು ನಿಂಗೇನಾಗಿದ್ದೆ? ಅದ ಏಳು ಮೊದ್ಲು” ಎಂದೆ. ಅವರು ಬಾಗಿಲ ಕಡೆ ನೋಡಿದರು. ಆಗ ನನಗೆ ಒಂದು ಮಾತು ಹೊಳೆಯಿತು. “ಏಳು ಓಟ್ಲು ತೋರಿಸ್ದೆ. ಒಂದುಕ್ಕಾದ್ರೂ ಎಲ್ಡನೇ ಸಲ ಯಾಕ್ ಕರ್ಕೊಂಡೋಗ್ಲಿಲ್ಲ? ರಾಬರ್ಟ್‌ಸನ್‌ಪೇಟೆ ನಮ್ಮನೆ ಮಗ್ಗುಲಾಗೇ ಐತೆ. ಅಲ್ಲಿಗ್ ಒಂದ್ ದಿನನೂ ಯಾಕ್ ಕರ್ಕೊಂಡೋಗ್ಲಿಲ್ಲ?” ಎಂದು ಕೇಳಿದೆ. ಅವರು, “ಗುರ್ತು ಇಡೀತಾರೆ, ಕೂಡಾವಳಿ ಸುದ್ದಿ ಲೈನಿಗೆ ಮುಟ್ತದೆ ಅಂತ” ಎಂದರು.

ಈ ಠಾಣೆಯಲ್ಲಿ ಮಧ್ಯಾಹ್ನದಿಂದ ಯಾರು ಯಾರೋ ಏನೇನೋ ಅಂದರು. ಯಾವುದಕ್ಕೂ ನಾನು ಅಳಲಿಲ್ಲ. ಇದಕ್ಕೆ ಅತ್ತೆ. ಬಚ್ಚಪ್ಪನವರು ಒಂದು ದಿನ ಎಲೆಯಿಂದ ಎಬ್ಬಿಸಿದರು. ಇವರು ಪ್ರೀತಿಯಿಂದ ನೋಡಿಕೊಳ್ಳುತ್ತಲೇ ಎರಡು ವರ್ಷ ನನ್ನನ್ನು ಪರದೆಯ ಹಿಂದೆ ಇಟ್ಟಿದ್ದರು. “ರೈಲಿಗ್ ಕಳ್ಸಿ ಸಾಮಿ. ಅಲ್ಲೀವ್ರಾದ್ರೂ ನನ್ನ ಕಂಡು ನಾಚಿಕೊಳ್ಳಲ್ಲ” ಎಂದು ಸಾಹೇಬರಿಗೆ ಹೇಳಿ, ಎದ್ದು ಆಯಾಳ ಪಕ್ಕಕ್ಕೆ ಹೋಗಿ ನಿಂತೆ. ಗಂಟೆ 5-10.

ಆಗ ನನ್ನ ಗಂಡ ದಾರವನ್ನು ಮೇಜಿನ ಮೇಲಿಟ್ಟು, ಸಾಹೇಬರ ಕಡೆಗಲ್ಲ, ಬಾಗಿಲ ಕಡೆಗೆ ತಿರುಗಿದರು. “ಕುಪ್ಪುಸಾಮಿ, ಉಂಡಿ ಗಿಂಡಿ ಏನೂ ಇಲ್ಲ ಕಣಪ್ಪ. ಇವ್ಳು ಗಂಡ ಸತ್ತೋಳು. ನಾನು ಸೀರೆ ಕೊಟ್ಟು ಕೂಡಾವಳಿ ಮಾಡ್ಕೊಂಡೆ. ತಾಳಿ ಕಟ್ಟೇ ಇಲ್ಲ. ನೀವೆಲ್ಲಾ ಆಡ್ಕೊಂತೀರಿ ಅಂತ ಸುಳ್ಳು ಏಳ್ದೆ” ಎಂದರು. ಬೀದಿಯವರೆಗೆ ಕೇಳಿಸಿತು. ಕುಪ್ಪುಸ್ವಾಮಿ, “ಅದುಕ್ಕೆನ್ನಣ್ಣಾ? ಅದ್ರಲ್ಲೇನಿದೆ? ಇದನ್ನ ಒಳಗಿಟ್ಕೊಂಡು ಎರಡು ವರ್ಷ ಒದ್ದಾಡ್ದೆಯಾ?” ಎಂದರು. ಬಚ್ಚಪ್ಪನವರು ಗೋಡೆ ಬಿಟ್ಟು ಈ ಕಡೆ ತಿರುಗಿ, “ಅಂಗ್ ಏಳ್ಲಾ ಮತ್ತೆ! ಕೂಡಾವಳಿ ನಿಜ ಸ್ವಾಮಿ, ಮುಂದೆ ನಿಂತು ಮಾಡ್ಸಿದೋನು ನಾನೇ. ಇವ್ನ ಎಂಡ್ತಿನೇ ಇವ್ಳು” ಎಂದು ಹೇಳಿ ರುಜು ಹಾಕಿದರು.

5-25ಕ್ಕೆ ಸಾಹೇಬರು ನಾವು ಹೋಗಬಹುದೆಂದರು. ಆಯಾಳನ್ನೂ ಕಳಿಸಿಬಿಟ್ಟರು. ನಾನು ಹೋಗಲಿಲ್ಲ. ಬಾಯಿಮಾತಿನಲ್ಲಿ ಹೋಗು ಎಂದರೆ ನಾಳೆ ಇನ್ನೊಬ್ಬ ಪೇದೆ ಇನ್ನೊಂದು ಹೋಟೆಲಿನಲ್ಲಿ ಬಾ ಎನ್ನುತ್ತಾನೆ, ಆದ್ದರಿಂದ ನಡೆದದ್ದೆಲ್ಲಾ ಕಾಗದದಲ್ಲಿ ಇರಬೇಕೆಂದು ಹಠ ಹಿಡಿದು ಈ ಹೇಳಿಕೆ ಬರೆಸಿದ್ದೇನೆ. ದಫೇದಾರರಿಗೆ ಮನೆಗೆ ಹೋಗಲು ಹೊತ್ತಾಗಿದೆ, ನನಗೆ ಗೊತ್ತು. ಎಮ್ಮೆ ಕರೆಯಲು ನನಗೂ ಹೊತ್ತಾಗಿದೆ.

ಬರುವ ಭಾನುವಾರ, ತಾರೀಖು 12ರಂದು, ಮಧ್ಯಾಹ್ನ ಹನ್ನೆರಡು ಗಂಟೆಗೆ ರಾಬರ್ಟ್‌ಸನ್‌ಪೇಟೆಯಲ್ಲಿ ನಮ್ಮ ಲೈನಿನವರೆಲ್ಲಾ ಹೋಗುವ ಹೋಟೆಲಿಗೆ ನನ್ನ ಗಂಡ ನನ್ನನ್ನು ಕರೆದುಕೊಂಡು ಹೋಗತಕ್ಕದ್ದು. ಫ್ಯಾಮಿಲಿ ರೂಮಿನಲ್ಲಿ ಅಲ್ಲ, ಹೊರಗೆ, ಎಲ್ಲರೂ ಕೂರುವ ಬೆಂಚಿನ ಮೇಲೆ ಅಕ್ಕಪಕ್ಕ ಕೂರತಕ್ಕದ್ದು. ಬತ್ತೀನಿ ಎಂದು ಅವರು ಒಪ್ಪಿದ್ದಾರೆ. ಇದು ಪೊಲೀಸ್ ಹೇಳಿಕೆಯಲ್ಲಿ ಬರೆಯುವ ವಿಷಯವಲ್ಲ ಎಂದು ದಫೇದಾರರು ಹೇಳಿದರು. ನನಗೆ ಬೇಕಾದ ವಿಷಯ ಇದೊಂದೇ ಎಂದು ಹೇಳಿದ್ದೇನೆ.

ಬರೆದದ್ದನ್ನು ಓದಿ ಹೇಳಿಸಿಕೊಂಡಿದ್ದೇನೆ. ನಾನು ಹೇಳಿದ್ದೇ ಇದರಲ್ಲಿದೆ, ಬಿಟ್ಟದ್ದೂ ಇಲ್ಲ, ಸೇರಿಸಿದ್ದೂ ಇಲ್ಲ.

ಸ್ಥಳ: ಸಂತೆಗೇಟು ಹೊರಠಾಣೆ, ಬಂಗಾರಪೇಟೆ
ತಾರೀಖು: 5-3-1961, ಸಂಜೆ 6-50

ಮುನಿಗಂಗಮ್ಮ, ಕದಿರಪ್ಪನವರ ಹೆಂಡತಿ: ಎಡಗೈ ಹೆಬ್ಬೆಟ್ಟಿನ ಗುರುತು

ಬರೆದುಕೊಂಡವರು: ದಫೇದಾರ್ ಕೋದಂಡಪ್ಪ

ಭಾನುವಾರದ ವಿಷಯಕ್ಕೆ ಒಪ್ಪಿ, ಕುಪ್ಪುಸ್ವಾಮಿಯ ಎದುರಿನಲ್ಲಿ: ಕದಿರಪ್ಪ (ರುಜು)